ಇಲಾಖೆಗಳ ಸಂಸ್ಥಾನಗಳು: ಗದಗ ಸೀಮೆಯಿಂದ ಕಂಡ ಗಣಕಾಡಳಿತ

ಇಂದು ಗದಗ ಜಿಲ್ಲೆಯ ನಕಾಶೆಯಲ್ಲಿ ಒಂದೇ ಗೆರೆಯೊಳಗೆ ಕಾಣುವ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳೆಂಬ ನಾಲ್ಕು ಊರುಗಳು ಸ್ವಾತಂತ್ರ್ಯ ಬರುವವರೆಗೆ ಮೂರು ಪ್ರಭುತ್ವಗಳ ದಫ್ತರಗಳಲ್ಲಿ ಹಂಚಿಹೋಗಿದ್ದವು. ಗದಗವೂ ಮುಂಡರಗಿಯೂ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿ ಅಲ್ಲಿಯ ಕಲೆಕ್ಟರರಿಗೆ ಲೆಕ್ಕ ಒಪ್ಪಿಸುತ್ತಿದ್ದವು. ಶಿರಹಟ್ಟಿಯ ಕಂದಾಯ ಸಾಂಗಲಿಯ ಪಟವರ್ಧನರ ಬೊಕ್ಕಸಕ್ಕೆ ಸಲ್ಲುತ್ತಿತ್ತು. ಪುಲಿಗೆರೆಯೆಂಬ ಪ್ರಾಚೀನ ನಾಮದಿಂದ ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಪ್ರಖ್ಯಾತವಾದ ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ ಅಧೀನದಲ್ಲಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನಗೊಂಡು, 1956ರಲ್ಲಿ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ, 1997ರ ಆಗಸ್ಟಿನಲ್ಲಿ ಗದಗ ಸ್ವತಂತ್ರ ಜಿಲ್ಲೆಯಾದ ಮೇಲೆ ಈ ನೆಲದ ಒಡಕುಗಳೆಲ್ಲ ಮುಚ್ಚಿಹೋದವೆಂದು ಭಾವಿಸುವುದು ಸಹಜವೇ ಆಗಿದ್ದರೂ, ಸರ್ಕಾರದ ಕಡತಗಳು ಕಾಗದವನ್ನು ಬಿಟ್ಟು ಗಣಕಯಂತ್ರವನ್ನು ಹೊಕ್ಕ ಈ ಕಾಲು ಶತಮಾನದಲ್ಲಿ ಬೇರೊಂದು ಬಗೆಯ ಸಂಸ್ಥಾನಗಳು ತಲೆಯೆತ್ತಿರುವುದನ್ನು, ತಹಶೀಲ್ದಾರರ ಕಚೇರಿಗೆ ಒಂದು ಕೆಲಸಕ್ಕಾಗಿ ಹೋದ ಯಾವ ರೈತನಾದರೂ ಬಲ್ಲನು. ಕಂದಾಯ, ನೋಂದಣಿ, ಭೂಮಾಪನ, ಕೃಷಿ, ಆಹಾರ, ಪಂಚಾಯತಿ, ಪುರಸಭೆ, ವಿದ್ಯುತ್ ಕಂಪನಿ ಎಂಬ ಒಂದೊಂದಕ್ಕೂ ತನ್ನದೇ ತಂತ್ರಾಂಶ, ತನ್ನದೇ ಸಂಖ್ಯೆ, ತನ್ನದೇ ಗಡಿ ಇದೆ. ಇವುಗಳನ್ನು ಪರಸ್ಪರ ಹೊಂದಿಸುವ ಪ್ರಶ್ನೆಯನ್ನು ಸಾಮಾನ್ಯವಾಗಿ ದೆಹಲಿ ಬೆಂಗಳೂರುಗಳ ಎತ್ತರದಿಂದ ಚರ್ಚಿಸುವುದು ರೂಢಿ. ಅದನ್ನು ಈ ನಾಲ್ಕು ಊರುಗಳ ನೆಲದಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹೇಳತಕ್ಕದ್ದು ಭೂಮಿ ಯೋಜನೆಯ ವಿಚಾರ. ಈ ಸೀಮೆಯಲ್ಲಿ ಜಮೀನಿನ ಉತಾರ, ಅಂದರೆ ಪಹಣಿ, ಕುಲಕರ್ಣಿಯ ದಫ್ತರದಲ್ಲಿದ್ದ ಕಾಲವೊಂದಿತ್ತು. ಕುಲಕರ್ಣಿ ವತನಗಳು ರದ್ದಾದ ಮೇಲೆ ಅದು ತಲಾಟಿಯ ಕೈಗೆ ಬಂದಿತು. ತಲಾಟಿ ಊರಿನಲ್ಲಿದ್ದಾಗ ಸಿಕ್ಕೀತು, ಇಲ್ಲದಿದ್ದರೆ ಇಲ್ಲ, ಸಿಕ್ಕರೂ ಅದರಲ್ಲಿ ಬರೆದದ್ದು ನಿನ್ನೆಯದೋ ಇಂದಿನದೋ ಎಂದು ಕೇಳುವ ಧೈರ್ಯ ಬಡ ರೈತನಿಗೆ ಇರುತ್ತಿರಲಿಲ್ಲ. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಸಿದ್ಧಪಡಿಸಿದ ತಂತ್ರಾಂಶದ ಆಧಾರದ ಮೇಲೆ, 2002ರ ಹೊತ್ತಿಗೆ ರಾಜ್ಯದ ಅಂದಿನ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಸುಮಾರು 9,000 ಗ್ರಾಮಲೆಕ್ಕಿಗರ ಬಳಿ ಚದುರಿದ್ದ 67 ಲಕ್ಷ ರೈತರ ಹಕ್ಕುಪತ್ರಗಳು ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ದೊರೆಯತೊಡಗಿದವು. ಈ ಸಾಧನೆಯನ್ನು ಹೊಗಳಿದವರೆಲ್ಲ ಯಂತ್ರವನ್ನೂ ಬೆರಳಚ್ಚಿನ ಕಾವಲನ್ನೂ ಹೊಗಳಿದರು. ಆದರೆ ಗಣಕೀಕರಣ ಮುಗಿದ ತಾಲೂಕಿನಲ್ಲಿ ಕೈಬರಹದ ಉತಾರಕ್ಕೆ ಇನ್ನು ಕಾನೂನಿನ ಮಾನ್ಯತೆಯಿಲ್ಲವೆಂದು ಸರ್ಕಾರ ಘೋಷಿಸಿದ ಒಂದು ಕ್ರಮವಿಲ್ಲದಿದ್ದರೆ, ಇಡೀ ವ್ಯವಸ್ಥೆ ಹಳೆಯ ದಫ್ತರದ ಪಕ್ಕದಲ್ಲಿ ಇಟ್ಟ ಇನ್ನೊಂದು ದಫ್ತರವಾಗಿ ಉಳಿದುಬಿಡುತ್ತಿತ್ತು. ಒಂದು ಸಂಗತಿಗೆ ಒಂದೇ ಪುಸ್ತಕ ಪ್ರಮಾಣ, ಉಳಿದವರು ಅದನ್ನು ನೋಡಿ ನಡೆಯತಕ್ಕದ್ದು ಎಂಬ ನಿರ್ಣಯವನ್ನು ಯಂತ್ರ ಮಾಡಲಾರದು, ಪ್ರಭುತ್ವ ಮಾಡಬೇಕು. ಈ ಕಾಲು ಶತಮಾನದಲ್ಲಿ ಎಲ್ಲೆಲ್ಲಿ ಆ ನಿರ್ಣಯ ಆಯಿತೋ ಅಲ್ಲಿ ಇಲಾಖೆಗಳು ಹೊಂದಿಕೊಂಡವು, ಆಗದ ಕಡೆಯಲ್ಲೆಲ್ಲ ಹಣ ಮಾತ್ರ ಖರ್ಚಾಯಿತು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಸಮೀಪದ ನಿದರ್ಶನವೆಂದರೆ ನೋಂದಣಿ ಇಲಾಖೆಯ ಕಾವೇರಿ, ಭೂಮಾಪನ ಇಲಾಖೆಯ ಮೋಜಣಿ ತಂತ್ರಾಂಶಗಳು ಭೂಮಿಯೊಡನೆ ಕೂಡಿಕೊಂಡ ರೀತಿ. ಮುಂಡರಗಿಯ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಎರಡೆಕರೆ ಎರೆಭೂಮಿಯ ಖರೀದಿ ಪತ್ರ ನೋಂದಣಿಯಾಗಬೇಕಾದರೆ, ಹಿಸ್ಸೆಯಾಗುವ ಜಮೀನಿಗೆ ಮೊದಲೇ 11-ಇ ನಕ್ಷೆ ಸಿದ್ಧವಾಗಿರಬೇಕು. ಮಾರುವವನ ಹೆಸರು ಉತಾರದಲ್ಲಿ ಇದ್ದೇ ಇರಬೇಕು. ನೋಂದಣಿ ಮುಗಿದೊಡನೆ ಅದರ ಸಾರಾಂಶ ತಂತಿಯ ಮೂಲಕ ತಾಲೂಕು ಕಚೇರಿಗೆ ತಲುಪಿ, ಆಕ್ಷೇಪಣೆಯ ಅವಧಿ ಕಳೆದ ಮೇಲೆ ಖಾತೆ ಬದಲಾವಣೆಗೆ ತಾನಾಗಿ ಹೋಗುತ್ತದೆ. ಹಿಂದೆ ಖರೀದಿದಾರನು ನೋಂದಣಿಯ ಪ್ರತಿಯನ್ನು ಹಿಡಿದು ತಲಾಟಿಯ ಮನೆಗೆ ಹತ್ತು ಬಾರಿ ಎಡತಾಕಬೇಕಾಗಿತ್ತೆಂಬುದನ್ನು ನೆನೆದರೆ ಇದು ಸಣ್ಣ ಸುಧಾರಣೆಯಲ್ಲ. ಇಲ್ಲಿ ಗಮನಿಸತಕ್ಕ ಅಂಶ ಮತ್ತೊಂದಿದೆ: ಭೂಮಿ, ಮುದ್ರಾಂಕ ಮತ್ತು ನೋಂದಣಿ, ಭೂಮಾಪನ ಈ ಮೂರೂ ಒಬ್ಬರೇ ಕಂದಾಯ ಮಂತ್ರಿಗಳ ಅಧೀನದಲ್ಲಿವೆ. ಮೂರು ಮನೆಗಳಿಗೆ ಯಜಮಾನ ಒಬ್ಬನಾದುದರಿಂದ ನಡುವಿನ ಗೋಡೆಗೆ ಬಾಗಿಲು ಕೊರೆಯುವುದು ಸಾಧ್ಯವಾಯಿತು.

ಯಜಮಾನರು ಬೇರೆಯಾದಾಗ ಏನಾಗುತ್ತದೆಂಬುದನ್ನು ಬೆಟಗೇರಿಯ ನೇಕಾರರ ಓಣಿಯ ಒಂದು ಮನೆಯನ್ನು ಹಿಡಿದು ನೋಡಬಹುದು. ಆ ಮನೆಗೆ ಸಿಟಿ ಸರ್ವೆ ಕಚೇರಿಯಲ್ಲಿ ಒಂದು ಸಿ.ಟಿ.ಎಸ್. ನಂಬರು, ಗದಗ-ಬೆಟಗೇರಿ ನಗರಸಭೆಯ ತೆರಿಗೆ ಪುಸ್ತಕದಲ್ಲಿ ಒಂದು ಆಸ್ತಿ ಸಂಖ್ಯೆ, ನಳದ ನೀರಿಗೆ ಒಂದು ಸಂಪರ್ಕ ಸಂಖ್ಯೆ, ಹೆಸ್ಕಾಂ ಮೀಟರಿಗೆ ಒಂದು ಆರ್.ಆರ್. ನಂಬರು, ಅಡುಗೆಮನೆಯ ಗೂಡಿನಲ್ಲಿಟ್ಟ ರೇಷನ್ ಕಾರ್ಡಿಗೆ ಇನ್ನೊಂದು. ಸಿಟಿ ಸರ್ವೆ ಉತಾರದಲ್ಲಿ ಅಜ್ಜನ ಹೆಸರು, ನಗರಸಭೆಯ ಖಾತೆಯಲ್ಲಿ ತಂದೆಯ ಹೆಸರು, ಮೀಟರಿನ ಬಿಲ್ಲಿನಲ್ಲಿ ಎಂದೋ ಬಾಡಿಗೆಗಿದ್ದು ಹೋದವನ ಹೆಸರು ಇರುವುದೂ ಉಂಟು. ಮಗ ಈಗ ಅಲ್ಲಿ ಮಗ್ಗ ಹೂಡಿ ವಾಸವಾಗಿರುತ್ತಾನೆ. ಊರ ಅಂಚಿನ ಕೃಷಿಯೇತರ, ಅಂದರೆ ಬಿನ್‌ಶೇತ್ಕಿ ಪ್ಲಾಟುಗಳ ಕಥೆ ಇನ್ನೂ ಗಹನ: ಹೊಲವಾಗಿದ್ದಾಗ ಅದು ಭೂಮಿ ತಂತ್ರಾಂಶದಲ್ಲಿತ್ತು, ಪಂಚಾಯತಿಯ ಸರಹದ್ದಿನಲ್ಲಿದ್ದರೆ ಗ್ರಾಮೀಣಾಭಿವೃದ್ಧಿ ಇಲಾಖೆಯ ಇ-ಸ್ವತ್ತುವಿಗೆ ಹೋಗಿ ನಮೂನೆ 9, 11ಗಳನ್ನು ಪಡೆಯಬೇಕು, ನಗರಸಭೆಯ ಸರಹದ್ದಿಗೆ ಬಂದರೆ ಪೌರಾಡಳಿತದ ಇ-ಆಸ್ತಿಗೆ. 2024ರ ಅಕ್ಟೋಬರಿನ ಸುಮಾರಿಗೆ ರಾಜ್ಯದಾದ್ಯಂತ ಇ-ಖಾತೆಯಿಲ್ಲದೆ ಸ್ಥಿರಾಸ್ತಿಯ ನೋಂದಣಿಯಿಲ್ಲವೆಂದು ಕಡ್ಡಾಯ ಮಾಡಿದಾಗ, ಒಂದು ಇಲಾಖೆಯ ಬಾಗಿಲಿಗೆ ಮತ್ತೊಂದು ಇಲಾಖೆಯ ಕೀಲಿಯನ್ನು ಹಾಕಿದಂತಾಯಿತು. ತತ್ತ್ವತಃ ಇದು ಸರಿಯಾದ ಕ್ರಮವೇ. ಒಂದೇ ಸೈಟನ್ನು ಇಬ್ಬರಿಗೆ ಮಾರುವ ಚಾತುರ್ಯಕ್ಕೆ ಇದರಿಂದ ತಡೆಯಾಗುತ್ತದೆ. ಆದರೆ ಇ-ಖಾತೆ ಸಿದ್ಧವಾಗುವ ಮೊದಲೇ ಕಡ್ಡಾಯವಾದುದರಿಂದ, ಮಗಳ ಮದುವೆಗೆಂದು ಪ್ಲಾಟು ಮಾರಹೊರಟವರು ನಗರಸಭೆಯ ಕಟ್ಟೆಯ ಮೇಲೆ ಕಾದು ಕುಳಿತರು.

ಹೊರಗಿನ ದೇಶಗಳೂ ಈ ತೊಡಕನ್ನು ಎದುರಿಸಿವೆ. ಅಮೆರಿಕೆಯ ಕೇಂದ್ರ ಸರ್ಕಾರ 1996ರಲ್ಲಿ ಒಂದು ಶಾಸನದಿಂದ ಪ್ರತಿಯೊಂದು ದೊಡ್ಡ ಇಲಾಖೆಯಲ್ಲೂ ಮುಖ್ಯ ಮಾಹಿತಿ ಅಧಿಕಾರಿಯೊಬ್ಬನನ್ನು ನೇಮಿಸಿ, ಅದೇ ವರ್ಷ ಅಧ್ಯಕ್ಷರ ಆಜ್ಞೆಯೊಂದರ ಮೂಲಕ ಆ ಅಧಿಕಾರಿಗಳೆಲ್ಲರ ಪರಿಷತ್ತನ್ನು ರಚಿಸಿತು; 2002ರಲ್ಲಿ ಆ ಪರಿಷತ್ತಿಗೆ ಶಾಸನದ ಬಲವೂ ಬಂದಿತು. ಬ್ರಿಟನ್ 2011ರಲ್ಲಿ ಸರ್ಕಾರದ ಅಂತರ್ಜಾಲ ಸೇವೆಗಳನ್ನು ಏಕರೂಪಕ್ಕೆ ತರಲು ಪ್ರತ್ಯೇಕ ಸಂಸ್ಥೆಯೊಂದನ್ನು ಸ್ಥಾಪಿಸಿತು. ಇವೆರಡಕ್ಕಿಂತಲೂ ನಮಗೆ ವಿಚಾರಣೀಯವಾದದ್ದು ಎಸ್ಟೋನಿಯಾ ದೇಶದ ಮಾದರಿ. ಆ ದೇಶದ ಜನಸಂಖ್ಯೆ ಸುಮಾರು 13 ಲಕ್ಷ; 2011ರ ಗಣತಿಯಂತೆ ಗದಗ ಜಿಲ್ಲೆಯದು ಸುಮಾರು 10.6 ಲಕ್ಷ, ಆದುದರಿಂದ ಹೋಲಿಕೆ ಅಸಂಗತವೇನಲ್ಲ. ಅಲ್ಲಿ 2001ರಿಂದ ನಡೆದುಬಂದ ಎಕ್ಸ್-ರೋಡ್ ಎಂಬ ವ್ಯವಸ್ಥೆಯಲ್ಲಿ ಎಲ್ಲ ದಾಖಲೆಗಳನ್ನೂ ಒಂದು ಕಣಜಕ್ಕೆ ಸುರಿಯುವುದಿಲ್ಲ. ಪ್ರತಿ ಇಲಾಖೆಯ ಪುಸ್ತಕ ಆ ಇಲಾಖೆಯಲ್ಲೇ ಇರುತ್ತದೆ, ಬೇಕಾದವರು ಸುರಕ್ಷಿತವಾದ ಮಾರ್ಗದಲ್ಲಿ ಕೇಳಿ ಪಡೆಯುತ್ತಾರೆ, ಕೇಳಿದ್ದಕ್ಕೆ ಗುರುತು ಉಳಿಯುತ್ತದೆ. ಒಬ್ಬರು ಸಂಗ್ರಹಿಸಿದ ಮಾಹಿತಿಯನ್ನೇ ಮತ್ತೊಬ್ಬರು ಪ್ರತ್ಯೇಕ ಕೋಶವಾಗಿ ಸಂಗ್ರಹಿಸಕೂಡದೆಂಬ ನಿಷೇಧ ಶಾಸನದಲ್ಲೇ ಇದೆ. ಭೂಮಿಯ ವಿಷಯದಲ್ಲಿ ನಾವು ಒಮ್ಮೆ ಮಾಡಿದ್ದನ್ನು ಆ ಚಿಕ್ಕ ದೇಶ ಎಲ್ಲ ವಿಷಯಗಳಲ್ಲೂ ಮಾಡಿತು.

ನಮ್ಮ ದೇಶದಲ್ಲಿ ಈ ಕಾರ್ಯಕ್ಕೆ ಸಂಸ್ಥೆಗಳ ಕೊರತೆಯಿದೆಯೆಂದು ಯಾರೂ ಹೇಳಲಾರರು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ 1976ರಲ್ಲೇ ಸ್ಥಾಪಿತವಾಗಿ ಇಂದು ಜಿಲ್ಲೆಜಿಲ್ಲೆಗೂ ತನ್ನ ಶಾಖೆಯನ್ನು ಹೊಂದಿದೆ. 2006ರ ಮೇ ತಿಂಗಳಲ್ಲಿ ರಾಷ್ಟ್ರೀಯ ಇ-ಆಡಳಿತ ಯೋಜನೆ 27 ಪ್ರಮುಖ ಕಾರ್ಯಯೋಜನೆಗಳೊಡನೆ ಅಂಗೀಕೃತವಾಯಿತು. ಕರ್ನಾಟಕದಲ್ಲಿ ಇ-ಆಡಳಿತಕ್ಕೆಂದೇ ಇಲಾಖೆಯೂ ಕೇಂದ್ರವೂ ಇವೆ. ಆದರೂ ಆ ಇಲಾಖೆ ಸಲಹೆ ಕೊಡಬಲ್ಲುದೇ ಹೊರತು ಇನ್ನೊಂದು ಇಲಾಖೆಯ ತಂತ್ರಾಂಶಕ್ಕೆ ಹಣ ನಿಲ್ಲಿಸಬಲ್ಲುದೇ ಎಂದು ಕೇಳಿದರೆ, ಕಡತ ಬಲ್ಲವರು ನಗುತ್ತಾರೆ.

ಇಲಾಖೆಗಳ ಗಡಿಗಳೇ ಒಂದಕ್ಕೊಂದು ಹೊಂದದಿರುವಾಗ ಅವುಗಳ ಗಣಕಗಳು ಹೊಂದುವುದು ದುಸ್ತರವೆಂಬುದಕ್ಕೆ ಈ ಸೀಮೆ ಸೊಗಸಾದ ದೃಷ್ಟಾಂತ. ಲಕ್ಷ್ಮೇಶ್ವರದ ರೈತನೊಬ್ಬನ ಜಮೀನಿನ ದಾಖಲೆಗೆ ಮೇಲಿನ ಕಚೇರಿ ಗದಗಿನ ಜಿಲ್ಲಾಧಿಕಾರಿಗಳದು. ಅವನ ಪಂಪಸೆಟ್ಟಿಗೆ ವಿದ್ಯುತ್ ಒದಗಿಸುವ ಕಂಪನಿಯ ಕೇಂದ್ರ ಹುಬ್ಬಳ್ಳಿ. ಸೊಸೈಟಿಯ ಮೂಲಕ ಅವನಿಗೆ ಬೆಳೆಸಾಲ ಕೊಡುವ ಕೇಂದ್ರ ಸಹಕಾರಿ ಬ್ಯಾಂಕಿನದು ಧಾರವಾಡ. ಲೋಕಸಭೆಗೆ ಅವನು ಮತ ಹಾಕುವುದು ಹಾವೇರಿ ಕ್ಷೇತ್ರಕ್ಕೆ. ಕಂದಾಯ ವಿಭಾಗ ಬೆಳಗಾವಿ. ಮುಂಡರಗಿಯೆಂಬ ವಿಧಾನಸಭಾ ಕ್ಷೇತ್ರ 2008ರ ಪುನರ್ವಿಂಗಡಣೆಯಲ್ಲಿ ಅಳಿಸಿಯೇ ಹೋಯಿತು, ತಾಲೂಕು ಮಾತ್ರ ಉಳಿಯಿತು. ಲಕ್ಷ್ಮೇಶ್ವರದ ಗತಿ ಇದಕ್ಕೆ ವಿಪರೀತ: ಶಿರಹಟ್ಟಿ ತಾಲೂಕಿನ ಊರಾಗಿದ್ದ ಅದು ಹೊಸ ತಾಲೂಕುಗಳ ಪಟ್ಟಿಯಲ್ಲಿ ಗಜೇಂದ್ರಗಡದ ಜೊತೆಗೆ ಸ್ಥಾನ ಪಡೆದು ಪ್ರತ್ಯೇಕವಾಯಿತು. ತಾಲೂಕಾಗುವುದೆಂದರೆ ತಹಶೀಲ್ದಾರರ ಕಚೇರಿಗೆ ಫಲಕ ಹಾಕುವುದೆಂದು ಜನ ತಿಳಿಯುತ್ತಾರೆ. ವಾಸ್ತವವಾಗಿ, ಪ್ರತಿಯೊಂದು ಹಳ್ಳಿಗೂ ಜನಗಣತಿಯ ಸಂಕೇತ ಒಂದು, ಭೂಮಿಯ ಸಂಕೇತ ಒಂದು, ಕೇಂದ್ರದ ಸ್ಥಳೀಯ ಸಂಸ್ಥೆಗಳ ನಿರ್ದೇಶಿಕೆಯ ಸಂಕೇತ ಒಂದು, ಶಾಲೆಗಳದು, ಪಡಿತರದ ಅಂಗಡಿಗಳದು ಬೇರೊಂದು ಇರುವುದರಿಂದ, ಹಳ್ಳಿಯನ್ನು ಒಂದು ತಾಲೂಕಿನಿಂದ ಎತ್ತಿ ಇನ್ನೊಂದರಲ್ಲಿ ಇಡುವಾಗ ಇವೆಲ್ಲವನ್ನೂ ಬೇರೆ ಬೇರೆ ಕಚೇರಿಗಳು ಬೇರೆ ಬೇರೆ ದಿನಗಳಲ್ಲಿ ತಿದ್ದಬೇಕಾಗುತ್ತದೆ. 2011ರ ಗಣತಿಯ ಪುಸ್ತಕದಲ್ಲಿ ಲಕ್ಷ್ಮೇಶ್ವರ ಇಂದಿಗೂ ಶಿರಹಟ್ಟಿಯೊಳಗೇ ಇದೆ. ಹೊಸ ತಾಲೂಕಿನ ಜನಸಂಖ್ಯೆ ಬೇಕಾದ ಅಧಿಕಾರಿ ಹಳ್ಳಿಹಳ್ಳಿಯ ಅಂಕಿಯನ್ನು ಕೂಡಿಸಿಯೇ ತಿಳಿಯಬೇಕು.

ರೈತನ ಪ್ರಕರಣವನ್ನು ಇನ್ನಷ್ಟು ವಿವರವಾಗಿ ಹೇಳುವುದು ಅವಶ್ಯ, ಏಕೆಂದರೆ ಇಲಾಖೆಗಳೆಲ್ಲ ಸಂಧಿಸುವ ಸ್ಥಾನವೆಂದರೆ ಅವನೊಬ್ಬನೇ. ಏಷ್ಯಾ ಖಂಡದಲ್ಲೇ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರ ಸಂಘ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ 1905ರಲ್ಲಿ ಹುಟ್ಟಿದ್ದು ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ. ಅಂಥ ಊರಿನ ಸಂಘದಲ್ಲಿ ಸಾಲ ಕೇಳಿದವನ ಹೆಸರನ್ನು ಇನ್ನೊಂದು ದಾಖಲೆಯೊಡನೆ ತಾಳೆ ನೋಡುವ ಪ್ರಸಂಗ ಆ ಕಾಲದಲ್ಲಿರಲಿಲ್ಲ. ಸದಸ್ಯರೆಲ್ಲ ಒಬ್ಬರನ್ನೊಬ್ಬರು ಬಲ್ಲವರು. 2018ರಲ್ಲಿ ರಾಜ್ಯ ಸರ್ಕಾರ ಸಹಕಾರಿ ಬ್ಯಾಂಕುಗಳಲ್ಲಿ 1 ಲಕ್ಷದವರೆಗಿನ, ವಾಣಿಜ್ಯ ಬ್ಯಾಂಕುಗಳಲ್ಲಿ 2 ಲಕ್ಷದವರೆಗಿನ ಬೆಳೆಸಾಲವನ್ನು ಮನ್ನಾ ಮಾಡಿದಾಗ, ಸಾಲಗಾರನ ಆಧಾರ್, ರೇಷನ್ ಕಾರ್ಡು, ಉತಾರಗಳನ್ನು ತಂತ್ರಾಂಶವು ಒಂದಕ್ಕೊಂದು ತಾಳೆ ನೋಡಿತು. ಒಂದೇ ಕುಟುಂಬ ಎರಡು ಮೂರು ಕಡೆ ಮನ್ನಾ ಪಡೆಯುವುದನ್ನು ತಡೆಯುವ ಆ ವಿಧಾನ ಶ್ಲಾಘ್ಯವೇ. ತೊಂದರೆ ಬಂದದ್ದು ಹೆಸರಿನಲ್ಲಿ. ಶಿರಹಟ್ಟಿಯ ಫಕ್ಕೀರೇಶ್ವರ ಮಠದ ಭಕ್ತಿಯಿಂದಾಗಿ ಈ ಭಾಗದಲ್ಲಿ ಫಕ್ಕೀರಪ್ಪ, ಫಕ್ಕೀರವ್ವ ಎಂಬ ಹೆಸರುಗಳು ಮನೆಮನೆಗೂ ಇವೆ. ಅದನ್ನು ಉತಾರದಲ್ಲಿ ಪಕೀರಪ್ಪನೆಂದು ತಂದೆಯ ಹೆಸರಿನೊಡನೆ ಬರೆದಿದ್ದರೆ, ಬ್ಯಾಂಕಿನ ಪಾಸಬುಕ್ಕಿನಲ್ಲಿ ಫಕ್ಕಿರಪ್ಪನೆಂದು ಅಡ್ಡಹೆಸರಿನೊಡನೆ ಬರೆದಿರುತ್ತಾರೆ, ಆಧಾರ್ ಕಾರ್ಡಿನಲ್ಲಿ ರೋಮನ್ ಅಕ್ಷರಗಳು ಮೂರನೆಯ ರೂಪವೊಂದನ್ನು ಕೊಟ್ಟಿರುತ್ತವೆ. ಓಣಿಯವರಿಗೆ ಒಬ್ಬನೇ ಆದವನು ಯಂತ್ರಕ್ಕೆ ಮೂವರು. ಇನ್ನು ಉತಾರದಲ್ಲಿ ತೀರಿಹೋದ ಅಜ್ಜನ ಹೆಸರೇ ಇದ್ದು, ವಾರಸಾ ಆಗದೆ, ಉಳುವ ಮೊಮ್ಮಕ್ಕಳು ಕಾಗದದ ಮೇಲೆ ಭೂಹೀನರಾಗಿರುವ ಹೊಲಗಳ ವಿಷಯವನ್ನು ಎತ್ತಿದರೆ ಅದೇ ಒಂದು ಪ್ರತ್ಯೇಕ ಲೇಖನವಾದೀತು.

ತದನಂತರ ಬಂದ ಫ್ರೂಟ್ಸ್ ಎಂಬ ರೈತ ನೋಂದಣಿ ವ್ಯವಸ್ಥೆ ಈ ಗೊಂದಲಕ್ಕೆ ಒಂದು ಪರಿಹಾರ. ರೈತನಿಗೆ ಒಂದು ಎಫ್‌ಐಡಿ ಸಂಖ್ಯೆ. ಅದರ ಕೆಳಗೆ ಅವನ ಎಲ್ಲ ಸರ್ವೆ ನಂಬರುಗಳು. ಆ ಸಂಖ್ಯೆಯಿಂದಲೇ ಬೀಜ ಗೊಬ್ಬರದ ಸಹಾಯಧನ, ಬೆಂಬಲ ಬೆಲೆಯ ಖರೀದಿ, ಬರಪರಿಹಾರ, ಬ್ಯಾಂಕಿನ ಬೋಜಾ ಎಲ್ಲವೂ. 2023ರ ಬರಗಾಲದ ಪರಿಹಾರ ಈ ಸಂಖ್ಯೆಯ ಆಧಾರದ ಮೇಲೆಯೇ ನೇರವಾಗಿ ಖಾತೆಗಳಿಗೆ ಜಮೆಯಾಯಿತು. ಜಮೀನಿನ ಒಂದು ತುಂಡನ್ನಷ್ಟೇ ನೋಂದಾಯಿಸಿ ಉಳಿದುದನ್ನು ಬಿಟ್ಟವರಿಗೆ ಅಷ್ಟಕ್ಕೆ ಮಾತ್ರ ಹಣ ಬಂದಿತು. ಆದರೆ ಬೆಳೆಯ ವಿಷಯದಲ್ಲಿ ಇನ್ನೂ ಮೂರು ಬಾಯಿಗಳಿವೆ. ಮುಂಗಾರಿಗೆ ಹೆಸರು ಬಿತ್ತಿ, ಅದನ್ನು ಕಿತ್ತ ಮೇಲೆ ಹಿಂಗಾರಿಗೆ ಕಡಲೆ ಹಾಕುವ ಡಂಬಳ ಬಯಲಿನ ರೈತ ವಿಮೆ ತುಂಬುವಾಗ ಹೆಸರು ಎಂದು ಬರೆಸಿರುತ್ತಾನೆ. ಬೆಳೆ ಸಮೀಕ್ಷೆಗೆ ಮೊಬೈಲು ಹಿಡಿದು ಬಂದ ಹುಡುಗ ಪಕ್ಕದ ಹೊಲದ ಬದುವಿನಲ್ಲಿ ನಿಂತು ಗೋವಿನಜೋಳದ ಚಿತ್ರ ತೆಗೆದಿರುತ್ತಾನೆ. ಉತಾರದ ಬೆಳೆ ಕಾಲಮಿನಲ್ಲಿ ಹೋದ ವರ್ಷದ ಶೇಂಗಾ ಇನ್ನೂ ಕುಳಿತಿರುತ್ತದೆ. ವಿಮಾ ಕಂಪನಿಗೆ ಇಂಥ ಭಿನ್ನತೆಗಿಂತ ಪ್ರಿಯವಾದ ಕಾರಣ ಬೇರೊಂದು ಬೇಕಿಲ್ಲ. ರೈತನು ಬಿಸಿಲಿನಲ್ಲಿ ರೈತ ಸಂಪರ್ಕ ಕೇಂದ್ರ, ಚಾವಡಿ, ಬ್ಯಾಂಕುಗಳ ಮಧ್ಯೆ ತಿರುಗಿ, ಮೂರೂ ಕಡೆ ಒಂದೇ ಬೆಳೆ ಇರುವಂತೆ ಮಾಡಿಸುತ್ತಾನೆ. ಇಲಾಖೆಗಳ ಸಮನ್ವಯ ನಡೆಯುತ್ತಿಲ್ಲವೆಂಬ ಆಕ್ಷೇಪಣೆ ಪೂರ್ತಿ ನಿಜವಲ್ಲ. ನಡೆಯುತ್ತಿದೆ, ಅವನ ಖರ್ಚಿನಲ್ಲಿ, ಅವನ ಕಾಲ್ನಡಿಗೆಯಲ್ಲಿ.

ಎಲ್ಲವೂ ಹೀಗೆಯೇ ಎಂದರೆ ಅನ್ಯಾಯವಾದೀತು. ನಾಡಕಚೇರಿಯಲ್ಲಿ ಕೊಡುವ ಜಾತಿ, ಆದಾಯ ಪ್ರಮಾಣಪತ್ರದ ಮೇಲಿನ ಆರ್.ಡಿ. ಸಂಖ್ಯೆಯನ್ನು ನೋಡಿ. ಮುಂಡರಗಿಯ ಪಿಯುಸಿ ವಿದ್ಯಾರ್ಥಿನಿ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಆ ಸಂಖ್ಯೆಯನ್ನು ಒತ್ತಿದರೆ ಪ್ರಮಾಣಪತ್ರದ ವಿವರ ಕಂದಾಯ ಇಲಾಖೆಯಿಂದ ತಾನೇ ಬರುತ್ತದೆ. ಮುಂದೆ ಸಿಇಟಿ ಬರೆದಾಗಲೂ ಅದೇ ಸಂಖ್ಯೆ ಸಾಕು. ಜೆರಾಕ್ಸ್ ಅಂಗಡಿ, ಗೆಜೆಟೆಡ್ ಅಧಿಕಾರಿಯ ಸಹಿ, ಮೂಲಪ್ರತಿ ತೋರಿಸುವ ಸರದಿ ಇವೆಲ್ಲ ತಪ್ಪಿದವು. ಜಾತಿ ಆದಾಯಗಳಿಗೆ ತಹಶೀಲ್ದಾರರ ಪುಸ್ತಕವೇ ಪ್ರಮಾಣವೆಂಬುದರಲ್ಲಿ ಯಾರಿಗೂ ವಿವಾದವಿರಲಿಲ್ಲವಾದುದರಿಂದ ಈ ಸಂಬಂಧ ಸುಲಭವಾಗಿ ಕೂಡಿತು. 2012ರ ಏಪ್ರಿಲಿನಲ್ಲಿ 11 ಇಲಾಖೆಗಳ 151 ಸೇವೆಗಳೊಂದಿಗೆ ಆರಂಭವಾದ, ಸೇವೆಗೆ ಕಾಲಮಿತಿ ವಿಧಿಸುವ ಸಕಾಲ ಯೋಜನೆಯೂ ಬೇರೊಂದು ವಿಧದಲ್ಲಿ ಇಲಾಖೆಗಳನ್ನು ಪೋಣಿಸಿತು: ಅದು ಅವುಗಳ ದಾಖಲೆಗಳನ್ನು ಮುಟ್ಟದೆ, ಅವೆಲ್ಲಕ್ಕೂ ಒಂದೇ ಗಡಿಯಾರವನ್ನು ಕಟ್ಟಿತು.

ಮೇಲಿನ ಇಲಾಖೆಗಳು ಕೂಡಿ ನಿರ್ಣಯಿಸದೆ ಬಿಟ್ಟದ್ದೆಲ್ಲ ಇಳಿಜಾರಿನ ನೀರಿನಂತೆ ಬಂದು ನಿಲ್ಲುವುದು ಹಳ್ಳಿಯ ಚಾವಡಿಯಲ್ಲಿ. ಹಳೆಯ ತಲಾಟಿಗೆ ಈಗ ಗ್ರಾಮ ಆಡಳಿತ ಅಧಿಕಾರಿಯೆಂಬ ಪದನಾಮ. ಅವನ ಕೈಯ ಮೊಬೈಲಿನಲ್ಲಿ ಹತ್ತಾರು ಆ್ಯಪುಗಳಿವೆ. ಬೆಳೆಗೊಂದು, ಬೆಳೆಹಾನಿಗೊಂದು, ಮತದಾರರ ಪಟ್ಟಿಗೊಂದು, ಆಧಾರ್ ಜೋಡಣೆಗೊಂದು, ಸರ್ಕಾರಿ ಜಾಗದ ಒತ್ತುವರಿಗೊಂದು. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದಾದ್ಯಂತ ಗ್ರಾಮ ಆಡಳಿತ ಅಧಿಕಾರಿಗಳು ಕೆಲಸ ನಿಲ್ಲಿಸಿ ತಾಲೂಕು ಕಚೇರಿಗಳ ಮುಂದೆ ಧರಣಿ ಕುಳಿತಾಗ, 2025ರ ಫೆಬ್ರುವರಿಯಲ್ಲಿ ಮತ್ತೆ ಕುಳಿತಾಗ, ಅವರ ಬೇಡಿಕೆಗಳಲ್ಲಿ ಬಡ್ತಿ, ವರ್ಗಾವಣೆಗಳ ಜೊತೆಗೆ ಈ ಆ್ಯಪುಗಳ ಒತ್ತಡವೂ, ಅವಕ್ಕೆ ಬೇಕಾದ ಮೊಬೈಲು, ಲ್ಯಾಪ್‌ಟಾಪುಗಳನ್ನು ಸರ್ಕಾರವೇ ಕೊಡಬೇಕೆಂಬುದೂ ಸೇರಿತ್ತು. ನೌಕರರ ಮುಷ್ಕರಗಳನ್ನು ಸದಾ ಸಮರ್ಥಿಸುವವನು ನಾನಲ್ಲ. ಆದರೆ ಒಬ್ಬನೇ ಮನುಷ್ಯನಿಂದ ಒಂದೇ ಹೊಲದ ವಿವರವನ್ನು ನಾಲ್ಕು ಆ್ಯಪುಗಳಲ್ಲಿ ನಾಲ್ಕು ಬಾರಿ ತುಂಬಿಸಿಕೊಳ್ಳುವ ಆಡಳಿತ, ತಾನು ಗಣಕೀಕೃತವೆಂದು ಹೇಳಿಕೊಳ್ಳುವ ಮುನ್ನ ಸ್ವಲ್ಪ ನಾಚಬೇಕು.

ಇದಕ್ಕೆ ಪ್ರತಿಯಾಗಿ ಎಲ್ಲವನ್ನೂ ಒಂದೇ ಕಡೆ ಕೂಡಿಹಾಕಿಬಿಡುವ ಉತ್ಸಾಹವೂ ನನಗೆ ಭಯವನ್ನೇ ಉಂಟುಮಾಡುತ್ತದೆ. ಪಡಿತರ ಚೀಟಿಯನ್ನು ಬುನಾದಿಯಾಗಿಟ್ಟುಕೊಂಡ ಕುಟುಂಬ ಎಂಬ ಕೋಶದ ಮೂಲಕ ಯಾರಿಗೆ ಯಾವ ಸೌಲಭ್ಯ ಸಲ್ಲಬೇಕೆಂದು ಸರ್ಕಾರ ತಾನೇ ಗುರುತಿಸತೊಡಗಿದೆ. ಅರ್ಜಿಗೆ ಕಾಯದೆ ಹಕ್ಕು ಮನೆಗೆ ಬರುವುದಾದರೆ ಅದಕ್ಕಿಂತ ಉತ್ತಮವಾದುದೇನಿದೆ? ಆದರೆ ಒಂದು ಪುಸ್ತಕದ ತಪ್ಪು ಆಗ ಹತ್ತು ಪುಸ್ತಕಗಳಿಗೆ ಒಂದೇ ರಾತ್ರಿ ಹರಡುತ್ತದೆ. ಆಹಾರ ಇಲಾಖೆಯ ಪಟ್ಟಿಯಲ್ಲಿ ವಿಧವೆಯೊಬ್ಬಳು ತೆರಿಗೆದಾರಳೆಂದು ತಪ್ಪಾಗಿ ದಾಖಲಾದರೆ ಅವಳ ಅಕ್ಕಿಯ ಜೊತೆಗೆ ಉಳಿದ ಸೌಲಭ್ಯಗಳೂ ನಿಲ್ಲುತ್ತವೆ, ನಿಲ್ಲಿಸಿದವರು ಯಾರೆಂದು ಕೇಳಿದರೆ ಪ್ರತಿ ಕಚೇರಿಯೂ ಪಕ್ಕದ ಕಚೇರಿಯನ್ನು ತೋರಿಸುತ್ತದೆ. 2025ರ ಆರಂಭದಲ್ಲಿ ಕಾವೇರಿ ತಾಣದ ಮೇಲೆ ಕೃತಕ ಕೋರಿಕೆಗಳ ಮಹಾಪೂರವನ್ನು ಹರಿಸಿ ದುಷ್ಕರ್ಮಿಗಳು ದಾಳಿ ನಡೆಸಿದಾಗ ರಾಜ್ಯದ ನೋಂದಣಿ ಕಾರ್ಯವೇ ಅಸ್ತವ್ಯಸ್ತವಾದುದನ್ನೂ ಮರೆಯುವಂತಿಲ್ಲ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಸಂಸತ್ತು ಶಾಸನ ಮಾಡಿದ್ದರೂ ಅದರಲ್ಲಿ ಪ್ರಭುತ್ವಕ್ಕೆ ಕೊಟ್ಟ ವಿನಾಯಿತಿಗಳು ಉದಾರವಾಗಿವೆ. ಈ ಕಾರಣದಿಂದಲೇ ಎಸ್ಟೋನಿಯಾದ ದಾರಿ, ಅಂದರೆ ಪುಸ್ತಕ ತನ್ನ ಮನೆಯಲ್ಲೇ ಇದ್ದು ಪ್ರಶ್ನೆ ಮಾತ್ರ ಸಂಚರಿಸುವ ದಾರಿ, ಹೆಚ್ಚು ವಿವೇಕದ್ದೆಂದು ನನಗೆ ತೋರುತ್ತದೆ.

ಜಿಲ್ಲೆಯ ಮಟ್ಟದಲ್ಲಿ ಇಲಾಖೆಗಳೆಲ್ಲ ಒಂದು ಮೇಜಿನ ಸುತ್ತ ಕೂರುವ ಸಂದರ್ಭ ಈಗಾಗಲೇ ಇದೆ; ಅದು ಕೆಡಿಪಿ ಸಭೆ. ಉಸ್ತುವಾರಿ ಮಂತ್ರಿಗಳ ಮುಂದೆ ಕೃಷಿಯವರು ಬಿತ್ತನೆಯ ಪ್ರಮಾಣ ಓದುತ್ತಾರೆ, ಹೆಸ್ಕಾಂನವರು ಟ್ರಾನ್ಸ್‌ಫಾರ್ಮರುಗಳ ಲೆಕ್ಕ ಒಪ್ಪಿಸುತ್ತಾರೆ, ಕುಡಿಯುವ ನೀರಿನವರು ಬೈಸಿಕೊಳ್ಳುತ್ತಾರೆ. ಒಂದು ಇಲಾಖೆಯ ಅಂಕಿ ಇನ್ನೊಂದರೊಡನೆ ತಾಳೆಯಾಗದಿದ್ದಾಗ ಯಾರದು ಪ್ರಮಾಣವೆಂಬುದನ್ನು ಆ ಸಭೆ ತೀರ್ಮಾನಿಸಿ ನಡಾವಳಿಯಲ್ಲಿ ಬರೆಸಬಹುದು. ಬೆಳೆ ಸಮೀಕ್ಷೆಗೂ ವಿಮೆಗೂ ಭಿನ್ನತೆ ಬಂದ ಪ್ರಕರಣಗಳ ಪಟ್ಟಿಯನ್ನು ಹೋಬಳಿವಾರು ತರಿಸಿ, ತಿದ್ದುಪಡಿಯ ಹೊಣೆಯನ್ನು ರೈತನ ಮೇಲಿನಿಂದ ಎತ್ತಿ ಒಬ್ಬ ಹೆಸರುಳ್ಳ ಅಧಿಕಾರಿಯ ಮೇಲೆ ಇಡಬಹುದು. ಇದಕ್ಕೆ ಹೊಸ ತಂತ್ರಾಂಶ ಬೇಕಿಲ್ಲ, ಹೊಸ ಟೆಂಡರೂ ಬೇಕಿಲ್ಲ. ಟೆಂಡರು ಬೇಡದ ಕೆಲಸಕ್ಕೆ ಉತ್ಸಾಹ ಕಡಮೆಯೆಂಬುದು ಬೇರೆ ಮಾತು. ಇಷ್ಟರಲ್ಲಿ ಕೇಂದ್ರ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ 2,817 ಕೋಟಿ ರೂಪಾಯಿಗಳ ಡಿಜಿಟಲ್ ಕೃಷಿ ಮಿಷನ್ನಿಗೆ ಒಪ್ಪಿಗೆ ಕೊಟ್ಟು, ದೇಶದ ರೈತರಿಗೆಲ್ಲ ಹೊಸದೊಂದು ಗುರುತಿನ ಸಂಖ್ಯೆಯನ್ನು ಕೊಡಲು ಹೊರಟಿದೆ. ಅದಕ್ಕೆ ಎರಡು ವರ್ಷ ಮುಂಚೆ, 2022ರಲ್ಲಿ, ಕಣಗಿನಹಾಳದಂಥ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೂ ಕೇಂದ್ರದ ಬೇರೊಂದು ಯೋಜನೆ ಮಂಜೂರಾಗಿದೆ. ಕರ್ನಾಟಕದ ಎಫ್‌ಐಡಿಯನ್ನು ಆ ಹೊಸ ಸಂಖ್ಯೆಯ ತಾಯಿಬೇರಾಗಿ ಅಂಗೀಕರಿಸಿ, ಸಂಘದ ಪುಸ್ತಕವನ್ನೂ ಅದಕ್ಕೇ ಜೋಡಿಸಿದರೆ ರೈತನಿಗೆ ನೆನಪಿಡಬೇಕಾದ ಸಂಖ್ಯೆ ಒಂದೇ ಉಳಿಯುತ್ತದೆ. ಹಾಗೆ ಮಾಡದಿದ್ದರೆ ಕೃಷಿ ಇಲಾಖೆಯವರು ದೆಹಲಿಯ ಸಂಖ್ಯೆಯನ್ನೂ, ತಹಶೀಲ್ದಾರರು ಬೆಂಗಳೂರಿನ ಸಂಖ್ಯೆಯನ್ನೂ, ಸಂಘದ ಕಾರ್ಯದರ್ಶಿ ತನ್ನ ಸದಸ್ಯತ್ವದ ಸಂಖ್ಯೆಯನ್ನೂ ಕೇಳುತ್ತಾರೆ, ಮೂರನ್ನೂ ಬರೆದ ಚೀಟಿ ಯಥಾಪ್ರಕಾರ ರೈತನ ಅಂಗಿಯ ಜೇಬಿನಲ್ಲಿರುತ್ತದೆ.